ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿಗೆ ಎಷ್ಟು ಕೂಲಿಂಗ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರು ಪ್ರೊಸೆಸರನ್ನೂ ಗ್ರಾಫಿಕ್ಸ್ ಕಾರ್ಡನ್ನೂ ವಾರಗಟ್ಟಲೆ ಯೋಚಿಸಿ ಆರಿಸುತ್ತಾರೆ. ಪ್ರೊಸೆಸರಿನ ಮೇಲೆ ಕೂರುವ ಕೂಲರನ್ನು ಮಾತ್ರ ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ, ಉಳಿದ ಹಣಕ್ಕೆ ಸಿಕ್ಕಿದ್ದನ್ನು ಕೊಂಡು ಬರುತ್ತಾರೆ. ಪರಿಚಿತರಿಗೆ ಯಂತ್ರ ಜೋಡಿಸಿಕೊಡುತ್ತ ಬಂದ ನನಗೆ ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ.

### ಮೊದಲು ತಿಳಿಯಬೇಕಾದದ್ದು

ಇಷ್ಟು ಕೂಲಿಂಗ್ ಬೇಕು ಅಂತ ಯಾವ ಲೆಕ್ಕದ ಮೇಲೆ ಹೇಳ್ತೀರಿ? ಬರೀ ಅಂದಾಜಾ?

ಅಂದಾಜಲ್ಲ, ಲೆಕ್ಕವಿದೆ. ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ಕೂಲರ್ ತಂಪನ್ನು ತಯಾರಿಸುವ ಸಾಧನವಲ್ಲ. ಆ ಶಾಖವನ್ನು ಚಿಪ್ಪಿನಿಂದ ಎತ್ತಿ ಕೋಣೆಯ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. ಆದ್ದರಿಂದ ಫ್ಯಾನ್ ಇರುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಗಿಂತ ತಂಪಾಗಿ ಇಡಲಾರದು. ಕೋಣೆಗೂ ಪ್ರೊಸೆಸರಿಗೂ ನಡುವೆ ಎಷ್ಟು ಡಿಗ್ರಿ ಅಂತರ ಉಳಿಯಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ.

ಒಂದು ಯಂತ್ರದಲ್ಲಿ ಪ್ರೊಸೆಸರ್ 88 ವ್ಯಾಟ್ ಎಳೆಯುತ್ತಿದೆ, ಕೋಣೆ 28 ಡಿಗ್ರಿ ಸೆಲ್ಸಿಯಸ್ ಇದೆ, ಪ್ರೊಸೆಸರ್ 84 ಡಿಗ್ರಿಯಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ಅಂತರ 56 ಡಿಗ್ರಿ. ಅದೇ ಕೂಲರ್, ಅದೇ ಕೆಲಸ, ಆದರೆ ಕೋಣೆ 40 ಡಿಗ್ರಿ ಎಂದಾದರೆ ಪ್ರೊಸೆಸರ್ 96ಕ್ಕೆ ಹೋಗಬೇಕಾಗುತ್ತದೆ. ಹಾಗಾಗಿ ಕೂಲರ್ ಕೊಳ್ಳುವ ಮೊದಲು ನಿಮಗೆ ಗೊತ್ತಿರಬೇಕಾದದ್ದು ಯಂತ್ರ ನಿಜವಾಗಿ ಎಳೆಯುವ ವ್ಯಾಟ್, ವರ್ಷದ ಅತಿ ಬಿಸಿ ದಿನ ನಿಮ್ಮ ಕೋಣೆ ಮುಟ್ಟುವ ಉಷ್ಣತೆ, ಮತ್ತು ಆ ಪ್ರೊಸೆಸರಿನ ಮಿತಿ. ಕೂಲರಿನ ಹೆಸರು, ಬಣ್ಣ, ದೀಪಗಳೆಲ್ಲ ಆಮೇಲಿನ ಮಾತು.

ಪ್ರೊಸೆಸರ್ ಡಬ್ಬದ ಮೇಲೆ 65 ವ್ಯಾಟ್ ಅಂತ ಬರೆದಿದೆ. ಅಷ್ಟೇ ತಾನೇ ಶಾಖ?

ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಎಎಂಡಿ ಕಂಪನಿಯ ಎಎಂ5 ಸಾಕೆಟ್ಟಿನಲ್ಲಿ (ಸಾಕೆಟ್ ಎಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 65 ವ್ಯಾಟ್ ಎಂದು ಹೆಸರಿಸಿದ ಪ್ರೊಸೆಸರಿಗೆ 88 ವ್ಯಾಟ್‌ವರೆಗೆ ಎಳೆಯಲು ಅನುಮತಿ ಇರುತ್ತದೆ. 105 ಎಂದಿದ್ದರೆ 142, 170 ಎಂದಿದ್ದರೆ 230. ಇಂಟೆಲ್ ತನ್ನ 12ನೇ ಪೀಳಿಗೆಯಿಂದ ಎರಡು ಅಂಕಿಗಳನ್ನು ಕೊಡುತ್ತದೆ: ಕೋರ್ ಐ5-12400ಕ್ಕೆ ಮೂಲ ಶಕ್ತಿ 65 ವ್ಯಾಟ್, ಗರಿಷ್ಠ ಟರ್ಬೊ ಶಕ್ತಿ 117 ವ್ಯಾಟ್, ಐ9-13900ಕೆಗೆ 125 ಮತ್ತು 253. ಕೂಲರ್ ಆರಿಸುವಾಗ ನೋಡಬೇಕಾದದ್ದು ಎರಡನೆಯ ಅಂಕಿ.

ಆದರೆ ಆ ಗರಿಷ್ಠವನ್ನು ನಿಮ್ಮ ಕೆಲಸ ಮುಟ್ಟುತ್ತದೆಯೇ ಎಂಬುದೂ ಮುಖ್ಯ. ವಿಡಿಯೊ ರೆಂಡರ್ ಮಾಡುವವರ, ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡುವವರ ಪ್ರೊಸೆಸರ್ ತಾಸುಗಟ್ಟಲೆ ತುಂಬು ಹೊರೆಯಲ್ಲಿ ಓಡುತ್ತದೆ. ಆಟವಾಡುವವರಲ್ಲಿ ಶಾಖದ ಹೆಚ್ಚಿನ ಪಾಲು ಗ್ರಾಫಿಕ್ಸ್ ಕಾರ್ಡಿನದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಲೆಕ್ಕಪತ್ರ ನೋಡಿ, ಸಿನಿಮಾ ಹಾಕುವ ಮನೆಯಲ್ಲಿ ಪ್ರೊಸೆಸರ್ ಗರಿಷ್ಠದ ಹತ್ತಿರಕ್ಕೂ ಹೋಗುವುದಿಲ್ಲ.

ಪ್ರೊಸೆಸರ್ ಜೊತೆ ಬಂದ ಕೂಲರ್ ಸಾಲಲ್ವಾ? ಸುಮ್ಮನೆ ಯಾಕೆ ದುಡ್ಡು ಹಾಕೋದು?

ಬಹಳ ಮನೆಗಳಲ್ಲಿ ಸಾಕು, ಮತ್ತು ಸಾಕಾಗುವಲ್ಲಿ ದುಡ್ಡು ಹಾಕಬಾರದು. ಎಎಂಡಿಯ ರೈಜನ್ 5 5600ಜಿ ಅಥವಾ ಇಂಟೆಲಿನ ಐ5-12400 ಇಟ್ಟುಕೊಂಡು ಕಚೇರಿ ಕೆಲಸ, ಮಕ್ಕಳ ಓದು, ಸಾಧಾರಣ ಆಟಗಳಲ್ಲಿ ತೃಪ್ತರಾಗಿರುವವರಿಗೆ ಡಬ್ಬದೊಳಗಿನ ಕೂಲರೇ ಒಪ್ಪುತ್ತದೆ. ಸ್ವಲ್ಪ ಸದ್ದು ಮಾಡುತ್ತದೆ, ಅಷ್ಟೆ. ರೈಜನ್ 5 7600 ಜೊತೆಯೂ ಕೂಲರ್ ಬರುತ್ತದೆ, ಆದರೆ ಬಿಸಿ ಊರಿನಲ್ಲಿ ತುಂಬು ಹೊರೆಯಲ್ಲಿ ಓಡಿಸಿದರೆ ಅದು ಮಿತಿಯ ಅಂಚಿಗೆ ಬರುತ್ತದೆ. ಹೆಸರಿನ ಕೊನೆಗೆ ಕೆ ಇರುವ ಇಂಟೆಲ್ ಪ್ರೊಸೆಸರುಗಳಿಗೂ 7600ಎಕ್ಸ್ ತರಹದವಕ್ಕೂ ಕೂಲರ್ ಬರುವುದೇ ಇಲ್ಲ, ಬೆಲೆ ಕೂಡಿಸುವಾಗ ಇದನ್ನು ಮರೆಯಬೇಡಿ.

ಎಷ್ಟು ಡಿಗ್ರಿ ದಾಟಿದ್ರೆ ಪ್ರೊಸೆಸರ್ ಸುಟ್ಟುಹೋಗುತ್ತೆ?

ಈಗಿನ ಪ್ರೊಸೆಸರುಗಳು ಹಾಗೆ ಸುಟ್ಟುಹೋಗುವುದಿಲ್ಲ. ಮಿತಿ ಮುಟ್ಟಿದೊಡನೆ ತಾವಾಗಿಯೇ ವೇಗ ಇಳಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಯಂತ್ರ ಆರಿಹೋಗುತ್ತದೆ. ರೈಜನ್ 7000 ಸರಣಿಯ ಹೆಚ್ಚಿನವಕ್ಕೆ ಮಿತಿ 95 ಡಿಗ್ರಿ, 7800ಎಕ್ಸ್3ಡಿಗೆ 89, ಇಂಟೆಲಿನ 12, 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ 100. ತುಂಬು ಹೊರೆಯಲ್ಲಿ 95ಕ್ಕೆ ತಾಗಿ ನಿಲ್ಲುವುದು 7000 ಸರಣಿಯಲ್ಲಿ ವಿನ್ಯಾಸಕ್ಕೆ ತಕ್ಕ ನಡವಳಿಕೆಯೇ ಎಂದು ಎಎಂಡಿ ಹೇಳಿದೆ. ಆದರೂ ಮಿತಿಗಿಂತ ಹತ್ತು ಡಿಗ್ರಿ ಕೆಳಗೆ ಇಡುವುದು ನನ್ನ ಪದ್ಧತಿ. ಧೂಳು ಕಟ್ಟಿದಾಗ, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಹಳೆಯದಾದಾಗ ಆ ಹತ್ತು ಡಿಗ್ರಿ ನಮ್ಮನ್ನು ಕಾಯುತ್ತದೆ.

ನಮ್ಮ ಕಡೆ ಮೇ ತಿಂಗಳಾಗ ಮನಿ ಒಳಗ 40 ಡಿಗ್ರಿ ಇರ್ತದ್ರಿ. ಬೆಂಗಳೂರಿನವ್ರು ಹೇಳೋ ಕೂಲರ್ ನಮಗ ಸಾಕಾಗ್ತದೇನ್ರಿ?

ಕಲಬುರಗಿ, ರಾಯಚೂರು, ಬಳ್ಳಾರಿಯಿಂದ ಬರುವ ಈ ಪ್ರಶ್ನೆ ನೂರಕ್ಕೆ ನೂರು ಸರಿಯಾದದ್ದು. ಪರೀಕ್ಷಾ ವರದಿಗಳಲ್ಲಿ ಹೆಚ್ಚಿನವು 20ರಿಂದ 25 ಡಿಗ್ರಿಯ ಕೋಣೆಗಳಲ್ಲಿ ಅಳೆದವು. ಕೋಣೆ ಒಂದು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚು ಕಡಿಮೆ ಒಂದು ಡಿಗ್ರಿ ಏರುತ್ತದೆ. ಆದ್ದರಿಂದ ವರದಿಯಲ್ಲಿ ಕಂಡ ಅಂಕಿಗೆ ನಿಮ್ಮ ಕೋಣೆಯ ವ್ಯತ್ಯಾಸವನ್ನು ಕೂಡಿಸಿಕೊಳ್ಳಿ: 22 ಡಿಗ್ರಿ ಕೋಣೆಯಲ್ಲಿ 75 ತೋರಿಸಿದ್ದು ನಿಮ್ಮಲ್ಲಿ 93 ಆಗುತ್ತದೆ. ಬೆಂಗಳೂರಿನ ಮನೆಯಲ್ಲಿ ಡಬ್ಬದ ಕೂಲರ್ ಸಾಕಾದ ಪ್ರೊಸೆಸರಿಗೆ ನಿಮ್ಮಲ್ಲಿ ನಾಲ್ಕು ಹೀಟ್‌ಪೈಪ್ (ಶಾಖ ಸಾಗಿಸುವ ಲೋಹದ ಕೊಳವೆ), 120 ಮಿಲಿಮೀಟರ್ ಫ್ಯಾನ್ ಇರುವ ಗೋಪುರದಾಕಾರದ ಕೂಲರ್ ಬೇಕಾದೀತು.

ಇದರೊಂದಿಗೆ ಇನ್ನೆರಡು ಮಾತು. ಮೇಲಿನ ಸೀಲಿಂಗ್ ಫ್ಯಾನ್ ನಮ್ಮ ಬೆವರನ್ನು ಆರಿಸಿ ನಮಗೆ ತಂಪು ಅನ್ನಿಸುತ್ತದೆ. ಗಾಳಿಯ ಉಷ್ಣತೆಯನ್ನು ಅದು ಇಳಿಸುವುದಿಲ್ಲ, ಕಂಪ್ಯೂಟರ್ ಬೆವರುವುದೂ ಇಲ್ಲ. ನೀರು ಹಾಕುವ ಏರ್ ಕೂಲರ್ ಮಾತ್ರ ಒಣ ಹವೆಯಲ್ಲಿ ಕೋಣೆಯ ಉಷ್ಣತೆಯನ್ನು ನಿಜವಾಗಿಯೂ ಇಳಿಸುತ್ತದೆ. ಅದರ ಗಾಳಿ ಹನಿಗಳ ಸಮೇತ ನೇರವಾಗಿ ಕ್ಯಾಬಿನೆಟ್ಟಿಗೆ ಬಡಿಯದಂತೆ ಇಟ್ಟುಕೊಂಡರೆ ಅದರ ಲಾಭ ಯಂತ್ರಕ್ಕೂ ಸಿಗುತ್ತದೆ.

ಮಂಗಳೂರಿನ ಸೆಕೆಗೆ ಬೇರೆ ಥರದ ಕೂಲರ್ ಬೇಕಾ?

ಬೇಡ. ಸೆಕೆಯಲ್ಲಿ ನಮಗೆ ಹಿಂಸೆಯಾಗುವುದು ಬೆವರು ಆರದ ಕಾರಣ. ಲೋಹದ ರೆಕ್ಕೆಗಳಿಂದ ಗಾಳಿಗೆ ಶಾಖ ದಾಟುವುದಕ್ಕೆ ತೇವಾಂಶದ ಅಡ್ಡಿ ಇಲ್ಲವೆನ್ನುವಷ್ಟು ಕಡಿಮೆ. ಥರ್ಮಾಮೀಟರ್ 33 ತೋರಿಸಿದರೆ 33 ಎಂದೇ ಲೆಕ್ಕ ಹಾಕಿ. ಪ್ರೊಸೆಸರ್ ಯಾವಾಗಲೂ ಕೋಣೆಗಿಂತ ಬಿಸಿಯಾಗಿರುವುದರಿಂದ ಅದರ ಮೇಲೆ ನೀರು ಹನಿಗಟ್ಟುವ ಭಯವೂ ಬೇಡ.

### ಕ್ಯಾಬಿನೆಟ್, ಫ್ಯಾನ್, ಕೂಲರ್, ಪೇಸ್ಟ್

ಕ್ಯಾಬಿನೆಟ್‌ಗೆ ಎಷ್ಟು ಫ್ಯಾನ್ ಹಾಕಿಸಬೇಕು? ಅಂಗಡಿಯವರು ಏಳು ಅಂತಾರೆ.

ಕ್ಯಾಬಿನೆಟ್ಟಿನ ಮೂಲಕ ಎಷ್ಟು ಗಾಳಿ ಹರಿಯಬೇಕೆಂದು ಒಂದು ಸರಳ ಗುಣಾಕಾರದಿಂದ ತಿಳಿಯಬಹುದು. ಒಳಗಿನ ಒಟ್ಟು ವ್ಯಾಟ್ ಅನ್ನು 1.76ರಿಂದ ಗುಣಿಸಿ, ಒಳಬಂದ ಗಾಳಿ ಹೊರಹೋಗುವಷ್ಟರಲ್ಲಿ ಎಷ್ಟು ಡಿಗ್ರಿ ಬಿಸಿಯಾದರೆ ನಿಮಗೆ ಒಪ್ಪಿಗೆಯೋ ಆ ಅಂಕಿಯಿಂದ ಭಾಗಿಸಿ. ಬರುವ ಉತ್ತರ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು. ಫ್ಯಾನ್ ಡಬ್ಬದ ಮೇಲೂ ಇದೇ ಮಾನದ ಅಂಕಿ ಇರುತ್ತದೆ.

ಈಚೆಗೆ ನಾನು ಜೋಡಿಸಿದ ಒಂದು ಯಂತ್ರವನ್ನೇ ತೆಗೆದುಕೊಳ್ಳಿ: ರೈಜನ್ 5 7600ಕ್ಕೆ 88 ವ್ಯಾಟ್, ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವ್ಯಾಟ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಒಳಗಿನ ನಷ್ಟ ಎಲ್ಲ ಸೇರಿ ಸುಮಾರು 60. ಒಟ್ಟು 260ರ ಆಸುಪಾಸು. ಹತ್ತು ಡಿಗ್ರಿ ಏರಿಕೆ ಒಪ್ಪಿದರೆ 46 ಸಿಎಫ್‌ಎಂ ಸಾಕು. ಐದೇ ಡಿಗ್ರಿ ಇರಲಿ ಎಂದರೆ 92 ಬೇಕು. ಡಬ್ಬದ ಮೇಲಿನ ಅಂಕಿ ಎದುರಿಗೆ ಯಾವ ತಡೆಯೂ ಇಲ್ಲದಾಗ ಅಳೆದದ್ದು. ಜಾಲರಿ, ಫಿಲ್ಟರ್, ಕೇಬಲ್‌ಗಳ ನಡುವೆ ಅದರ ಅರ್ಧವೇ ಸಿಕ್ಕೀತೆಂದು ನಾನು ಹಿಡಿಯುತ್ತೇನೆ. ಹಾಗೆ ನೋಡಿದರೂ 60 ಸಿಎಫ್‌ಎಂನ ಎರಡು ಫ್ಯಾನ್ ಮುಂದಿನಿಂದ ಒಳಗೆ, ಒಂದು ಹಿಂದಿನಿಂದ ಹೊರಗೆ ಇದ್ದರೆ ಈ ಯಂತ್ರ ನೆಮ್ಮದಿಯಿಂದಿರುತ್ತದೆ. ಏಳು ಫ್ಯಾನ್ ಬೇಕಾಗುವುದು 450 ವ್ಯಾಟಿನ ಆರ್‌ಟಿಎಕ್ಸ್ 4090 ತರಹದ ಕಾರ್ಡಿನ ಜೊತೆ ಬಿಸಿ ಪ್ರೊಸೆಸರ್ ಇಟ್ಟುಕೊಂಡವರಿಗೆ. ಉಳಿದವರಿಗೆ ಅದು ಅಲಂಕಾರ.

ಮುಂದೆ ಪೂರ್ತಿ ಗಾಜು ಇರೋ ಕ್ಯಾಬಿನೆಟ್ ಚೆನ್ನಾಗಿ ಕಾಣುತ್ತೆ. ತಗೋಬಹುದಾ?

ಗಾಜಿನ ಹಿಂದೆ ಫ್ಯಾನ್ ಇಟ್ಟು, ಅಂಚಿನ ಬೆರಳಗಲದ ಸಂದಿಯಿಂದ ಗಾಳಿ ಎಳೆಯುವ ಕ್ಯಾಬಿನೆಟ್ಟನ್ನು ನಮ್ಮ ಹವೆಗೆ ನಾನು ಯಾರಿಗೂ ಹೇಳುವುದಿಲ್ಲ. ಅಂಗಡಿಯಲ್ಲಿ ಕ್ಯಾಬಿನೆಟ್ಟಿನ ಮುಖಕ್ಕೆ ಅಂಗೈ ಹಿಡಿದು ನೋಡಿ: ಫ್ಯಾನ್ ಓಡುವಾಗ ಅಂಗೈ ಬಳಿ ಗಾಳಿಯ ಸೆಳೆತ ತಿಳಿಯದಿದ್ದರೆ ಒಳಗಿನ ಕೂಲರ್ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ಬಿಸಿ ಗಾಳಿಯೇ ಗತಿ. ಮುಂಭಾಗ ಜಾಲರಿ, ಪಕ್ಕದಲ್ಲಿ ಗಾಜು ಇರುವವು ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಹೆಚ್ಚೇನಲ್ಲ. ಕೊಳ್ಳುವ ಮೊದಲು ಕೂಲರಿನ ಎತ್ತರ ಅದರೊಳಗೆ ಕೂರುತ್ತದೆಯೇ ನೋಡಿಕೊಳ್ಳಿ. ಗೋಪುರದ ಕೂಲರುಗಳು ಸಾಮಾನ್ಯವಾಗಿ 150ರಿಂದ 165 ಮಿಲಿಮೀಟರ್ ಇರುತ್ತವೆ.

ಕಂಪ್ಯೂಟರ್ ಟೇಬಲ್‌ನ ಗೂಡಿನಲ್ಲಿ ಇಟ್ಟಿದ್ದೇವೆ. ತೊಂದರೆ ಇದೆಯಾ?

ಇದೆ, ಮತ್ತು ನಾನು ಕಂಡ ಬಿಸಿ ಯಂತ್ರಗಳಲ್ಲಿ ಇದೇ ಅತಿ ಸಾಮಾನ್ಯ ಕಾರಣ. ಬಡಗಿಯವರು ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟ ಟೇಬಲಿನ ಬಲಗಡೆ ಮೂರು ಕಡೆ ಮುಚ್ಚಿದ ಗೂಡು, ಹಿಂದೆ ವೈರಿಗಾಗಿ ಕೊರೆದ ಒಂದು ಮುಷ್ಟಿಗಾತ್ರದ ತೂತು. ಯಂತ್ರ ಹಿಂದಿನಿಂದ ಉಗುಳಿದ ಬಿಸಿ ಗಾಳಿ ಹಲಗೆಗೆ ಬಡಿದು, ಪಕ್ಕದ ಸಂದಿಯಲ್ಲಿ ಹರಿದು, ಮುಂದಿನ ಫ್ಯಾನಿನಿಂದ ಮತ್ತೆ ಒಳಗೆ ಬರುತ್ತದೆ. ಅಂಥ ಗೂಡಿನೊಳಗೆ ಒಮ್ಮೆ ಥರ್ಮಾಮೀಟರ್ ಇಟ್ಟಾಗ ಕೋಣೆ 31 ಇದ್ದರೆ ಗೂಡು 43 ತೋರಿಸಿತು. ಕೂಲರಿಗೆ ಗೊತ್ತಿರುವ ಕೋಣೆ ಆ ಗೂಡು ಮಾತ್ರ. ಹೊಸ ಕೂಲರ್ ತರುವ ಮೊದಲು ಗೂಡಿನ ಹಿಂಬದಿಯ ಹಲಗೆ ತೆಗೆಸಿ, ಅಥವಾ ಯಂತ್ರವನ್ನು ಮೇಜಿನ ಪಕ್ಕಕ್ಕೆ ನೆಲದಿಂದ ಒಂದು ಗೇಣು ಎತ್ತರದ ಸ್ಟೂಲಿನ ಮೇಲೆ ಇಡಿ.

ಗಾಳಿ ಕೂಲರ್ ಸಾಕಾ, ಲಿಕ್ವಿಡ್ ಕೂಲರ್ ಹಾಕಿಸಲೇಬೇಕಾ?

ನಿರಂತರವಾಗಿ 150 ವ್ಯಾಟ್‌ವರೆಗೆ ಎಳೆಯುವ ಪ್ರೊಸೆಸರಿಗೆ ಒಳ್ಳೆಯ ಗೋಪುರದ ಕೂಲರ್ ಸಾಕು. ಅದಕ್ಕೂ ಮೇಲೆ, 200 ವ್ಯಾಟ್ ದಾಟಿ ತಾಸುಗಟ್ಟಲೆ ಓಡುವವಕ್ಕೆ 240 ಅಥವಾ 360 ಮಿಲಿಮೀಟರ್ ರೇಡಿಯೇಟರಿನ ಲಿಕ್ವಿಡ್ ಕೂಲರ್ ಅರ್ಥಪೂರ್ಣ. ದ್ರವವೂ ಶಾಖವನ್ನು ಕೊನೆಗೆ ಕೋಣೆಯ ಗಾಳಿಗೇ ಕೊಡಬೇಕು. ಅದರ ಲಾಭವಿರುವುದು ರೇಡಿಯೇಟರಿನ ದೊಡ್ಡ ಮೈಯಲ್ಲಿ. ಪಂಪ್ ಎಂಬ ಓಡುವ ಭಾಗ ಅದರಲ್ಲಿ ಇದೆ, ಅದು ನಿಂತರೆ ಇಡೀ ಕೂಲರ್ ಬದಲಿಸಬೇಕು. ಗೋಪುರದ ಕೂಲರಿನಲ್ಲಿ ಕೆಡುವುದು ಫ್ಯಾನ್ ಮಾತ್ರ, ಅದನ್ನು ಕೆಲವು ನೂರು ರೂಪಾಯಿಗೆ ಬದಲಿಸಬಹುದು. ಬಿಡಿಭಾಗ ಬರಲು ವಾರ ಹಿಡಿಯುವ ಊರಿನಲ್ಲಿರುವವರು ಈ ವ್ಯತ್ಯಾಸವನ್ನು ತೂಗಿ ನೋಡಬೇಕು. ಲಿಕ್ವಿಡ್ ಹಾಕಿದರೆ ಪಂಪ್ ಇಡೀ ವ್ಯವಸ್ಥೆಯ ಅತ್ಯಂತ ಎತ್ತರದ ಜಾಗವಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಳಗಿನ ಗಾಳಿಗುಳ್ಳೆಗಳು ಅಲ್ಲಿಯೇ ಸೇರುತ್ತವೆ.

ಹೊಸ ಯಂತ್ರ, ಹೊಸ ಕೂಲರ್. ಆನ್ ಮಾಡಿದ ಎರಡೇ ನಿಮಿಷಕ್ಕೆ 95 ಡಿಗ್ರಿ. ಇನ್ನೂ ದೊಡ್ಡ ಕೂಲರ್ ಬೇಕಾ?

ಇಷ್ಟು ಬೇಗ ಏರಿದರೆ ಕೂಲರ್ ಚಿಕ್ಕದೆಂದಲ್ಲ, ಸರಿಯಾಗಿ ಕೂತಿಲ್ಲವೆಂದು ಅರ್ಥ. ಧಾರವಾಡದ ಸ್ನೇಹಿತರೊಬ್ಬರ ಮಗ ಅಂಗಡಿಯೊಂದರಲ್ಲಿ ಜೋಡಿಸಿದ ಯಂತ್ರವನ್ನು ಇದೇ ದೂರಿನೊಂದಿಗೆ ತಂದಿದ್ದ. ವಿಂಡೋಸ್ ತೆರೆಯುವ ಮೊದಲಿನ ಸೆಟ್ಟಿಂಗ್‌ಗಳ ಜಾಗವಾದ ಬಯಾಸ್ ಪರದೆಯಲ್ಲಿ ಸುಮ್ಮನೆ ನಿಂತಾಗಲೇ ಅಂಕಿ ಏರುತ್ತಿತ್ತು. ನಾಲ್ಕು ಸ್ಕ್ರೂ ಸಡಿಲಿಸಿ ಕೂಲರ್ ಎತ್ತಿದರೆ, ತಳದ ತಾಮ್ರಕ್ಕೆ ಅಂಟಿದ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಅದರ ಮೇಲೆ ಬೂದು ಬಣ್ಣದ ಪೇಸ್ಟ್ ನೀಟಾಗಿ ಹರಡಿಕೊಂಡಿತ್ತು. ಹಾಳೆಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಎಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸ ಪೇಸ್ಟ್ ಹಚ್ಚಿ ಕೂರಿಸಿದ ಮೇಲೆ ಅದೇ ಕೂಲರ್ ತುಂಬು ಹೊರೆಯಲ್ಲೂ 80 ದಾಟಲಿಲ್ಲ. ಹುಡುಗ ಅಷ್ಟರಲ್ಲಾಗಲೇ ಇನ್ನೊಂದು ಕೂಲರಿಗೆ ದುಡ್ಡು ಕೂಡಿಡುತ್ತಿದ್ದ ಎಂದು ತಿಳಿದು ನನಗೆ ನಿಜವಾಗಿ ಬೇಸರವಾಯಿತು.

ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಅಗಲವಾದ ಎಎಂ5 ಅಥವಾ ಇಂಟೆಲಿನ ಎಲ್‌ಜಿಎ 1700 ಸಾಕೆಟ್ಟಿನ ಪ್ರೊಸೆಸರಿಗೆ ಸ್ವಲ್ಪ ಹೆಚ್ಚಾದರೂ ಹಾನಿಯಿಲ್ಲ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಆರು ತಿಂಗಳ ಹಿಂದೆ ತಂಪಾಗಿತ್ತು, ಈಗ ಯಾಕೆ ಬಿಸಿ?

ಧೂಳು. ಪಕ್ಕದಲ್ಲಿ ಕಟ್ಟಡ ಏಳುತ್ತಿರುವ ಬೆಂಗಳೂರಿನ ಬಡಾವಣೆಗಳಲ್ಲಿ ಎರಡು ತಿಂಗಳಿಗೇ ಫಿಲ್ಟರಿನ ಮೇಲೆ ಕಂಬಳಿಯಂತೆ ಪದರ ಕಟ್ಟುತ್ತದೆ. ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಒಳಗೆ ಬ್ಲೋವರ್ ಬಿಡುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಿ. ಒಳತಳ್ಳುವ ಫ್ಯಾನುಗಳು ಹೊರದೂಡುವವಕ್ಕಿಂತ ತುಸು ಹೆಚ್ಚಿದ್ದರೆ ಗಾಳಿ ಫಿಲ್ಟರಿನ ಮೂಲಕವೇ ಬರುತ್ತದೆ, ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ.

### ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಕೂಲರ್ ಮೇಲೆ 220 ವ್ಯಾಟ್ ಅಂತಿದೆ. ನನ್ನ ಪ್ರೊಸೆಸರ್ ಎಳೆಯೋದು 140. ಆದರೂ 90 ಡಿಗ್ರಿ ಯಾಕೆ?

ಕೂಲರಿನ ವ್ಯಾಟ್ ಅಂಕಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಯ ವಿಧಾನವಿಲ್ಲ, ಆದ್ದರಿಂದ ಎರಡು ಕಂಪನಿಗಳ 220ಗಳನ್ನು ಹೋಲಿಸಲಾಗದು. ಎರಡನೆಯ ಕಾರಣ ಹೆಚ್ಚು ಮುಖ್ಯವಾದದ್ದು. ರೈಜನ್ 7000 ಸರಣಿಯಲ್ಲಿ ಕೋರ್‌ಗಳಿರುವ ಸಿಲಿಕಾನ್ ತುಂಡು ಸುಮಾರು 70 ಚದರ ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು. ಐ9-13900ಕೆಯ ತುಂಡು 250ಕ್ಕೂ ಹೆಚ್ಚು. ಅಷ್ಟೇ ವ್ಯಾಟ್ ಚಿಕ್ಕ ಜಾಗದಿಂದ ಹೊರಬರಬೇಕಾದಾಗ ಕೂಲರಿನ ತಳ ಮುಟ್ಟುವ ಮೊದಲೇ, ಸಿಲಿಕಾನಿನಿಂದ ಮೇಲಿನ ಲೋಹದ ಮುಚ್ಚಳಕ್ಕೆ ಬರುವ ದಾರಿಯಲ್ಲೇ ಹೆಚ್ಚಿನ ಡಿಗ್ರಿಗಳು ಕೂಡಿಕೊಳ್ಳುತ್ತವೆ. ಆ ಡಿಗ್ರಿಗಳನ್ನು ಯಾವ ದೊಡ್ಡ ಕೂಲರೂ ಕಳೆಯಲಾರದು.

ನಿಮ್ಮ ಕೂಲರಿನ ನಿಜವಾದ ಶಕ್ತಿ ತಿಳಿಯಲು ಪ್ರೊಸೆಸರಿನ ಉಷ್ಣತೆಯಿಂದ ಕೋಣೆಯ ಉಷ್ಣತೆ ಕಳೆದು ವ್ಯಾಟಿನಿಂದ ಭಾಗಿಸಿ. 90ರಿಂದ 28 ಕಳೆದು 140ರಿಂದ ಭಾಗಿಸಿದರೆ ವ್ಯಾಟಿಗೆ 0.44 ಡಿಗ್ರಿ. ಈ ಒಂದು ಅಂಕಿಯನ್ನು ಬರೆದಿಟ್ಟುಕೊಂಡರೆ ಯಾವ ಋತುವಿಗೂ, ಯಾವ ವ್ಯಾಟಿಗೂ ಮುಂದಾಗಿಯೇ ಅಂದಾಜು ಹೇಳಬಹುದು.

ಕೂಲರ್ ಬದಲಿಸದೆ ಶಾಖವನ್ನೇ ಕಡಿಮೆ ಮಾಡೋಕೆ ಆಗಲ್ವಾ?

ಆಗುತ್ತದೆ, ಮತ್ತು ಬಿಸಿ ಊರಿನವರಿಗೆ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಇದಕ್ಕೆ ಖರ್ಚಿಲ್ಲ. ರೈಜನ್ ಪ್ರೊಸೆಸರಿಗೆ ಬಯಾಸ್‌ನಲ್ಲಿ ಇಕೊ ಮೋಡ್ ಇದೆ: 170 ವ್ಯಾಟಿನದನ್ನು 105 ಅಥವಾ 65ರ ವರ್ಗಕ್ಕೆ ಇಳಿಸಬಹುದು. ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ವೇಗಕ್ಕಾಗಿಯೇ ಪ್ರೊಸೆಸರುಗಳು ಮಿತಿಮೀರಿ ವಿದ್ಯುತ್ ಎಳೆಯುವುದರಿಂದ, ವ್ಯಾಟ್ ಇಳಿದಷ್ಟು ಕೆಲಸ ಇಳಿಯುವುದಿಲ್ಲ. ಇಂಟೆಲಿನಲ್ಲಿ ಪವರ್ ಲಿಮಿಟ್ ನೋಡಿ. ಅನೇಕ ಮದರ್‌ಬೋರ್ಡ್‌ಗಳು ಆ ಮಿತಿಯನ್ನು ತೆಗೆದುಹಾಕಿಯೇ ಬರುತ್ತಿದ್ದವು, ನಿಮ್ಮದೂ ಹಾಗಿದ್ದರೆ ಅದನ್ನು ಇಂಟೆಲ್ ಹೇಳಿದ ಅಂಕಿಗೆ ತರಬೇಕು. 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್ ಇದ್ದವರು ಬಯಾಸ್ ನವೀಕರಿಸುವುದೂ ಅಗತ್ಯ: 2024ರಲ್ಲಿ ಬೆಳಕಿಗೆ ಬಂದ ಅಸ್ಥಿರತೆ ಅತಿಯಾದ ವೋಲ್ಟೇಜಿನದು, ಅದು ಕೂಲರಿನಿಂದ ಸರಿಹೋಗುವಂಥದ್ದಲ್ಲ.

ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು. ಅದಕ್ಕೂ ಲೆಕ್ಕ ಇಡಬೇಕಾ?

ಕೇಳಿದವರು ಭೌತಶಾಸ್ತ್ರದ ವಿದ್ಯಾರ್ಥಿ, ಪ್ರಶ್ನೆ ನನಗೆ ಬಹಳ ಹಿಡಿಸಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ನೂರಕ್ಕೆ ಹತ್ತು ಭಾಗ ಕಡಿಮೆ. ಫ್ಯಾನ್ ಅಷ್ಟೇ ಘನ ಅಡಿ ಗಾಳಿ ತಳ್ಳಿದರೂ ಶಾಖ ಹೊರುವ ದ್ರವ್ಯರಾಶಿ ಅಷ್ಟು ಕಡಿಮೆ. ಆದ್ದರಿಂದ ಸಮುದ್ರಮಟ್ಟಕ್ಕೆ 46 ಸಿಎಫ್‌ಎಂ ಎಂದು ಬಂದ ಲೆಕ್ಕವನ್ನು ಬೆಂಗಳೂರಿಗೆ 51 ಎಂದು ಹಿಡಿಯಬಹುದು. ಬೆಂಗಳೂರಿನ ಹವೆ ಮಂಗಳೂರಿಗಿಂತ ತಂಪಾಗಿರುವ ದಿನಗಳಲ್ಲಿ ಈ ನಷ್ಟ ತಾನಾಗಿಯೇ ತುಂಬಿಕೊಳ್ಳುತ್ತದೆ.

ಫ್ಯಾನ್ ಸದ್ದು ತಡೆಯೋಕಾಗ್ತಿಲ್ಲ. ವೇಗ ಇಳಿಸಿದ್ರೆ ಬಿಸಿ ಆಗುತ್ತಲ್ಲ?

ಫ್ಯಾನಿನ ಗಾಳಿ ಅದರ ವೇಗದಷ್ಟೇ ಏರಿಳಿಯುತ್ತದೆ, ಆದರೆ ಅದು ಎಳೆಯುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, ಸದ್ದೂ ಕಡಿದಾಗಿಯೇ ಏರುತ್ತದೆ. ಹಾಗಾಗಿ ಒಂದು ಫ್ಯಾನನ್ನು ನಿಮಿಷಕ್ಕೆ 1,800 ಸುತ್ತಿನಲ್ಲಿ ಕಿರುಚಿಸುವುದಕ್ಕಿಂತ ಎರಡನ್ನು 900ರಲ್ಲಿ ಓಡಿಸುವುದು ಬಹಳ ಶಾಂತ. ಉಷ್ಣತೆಗೆ ತಕ್ಕಂತೆ ಫ್ಯಾನಿನ ವೇಗ ನಿಗದಿ ಮಾಡುವ ಬಯಾಸ್‌ನ ಫ್ಯಾನ್ ಕರ್ವ್‌ನಲ್ಲಿ 60 ಡಿಗ್ರಿವರೆಗೆ ನಿಧಾನ, ಅಲ್ಲಿಂದ ನಿಧಾನವಾಗಿ ಏರಿಕೆ ಎಂದು ಇಟ್ಟು, ಏರಿಳಿತಕ್ಕೆ ಕೆಲವು ಸೆಕೆಂಡುಗಳ ತಡ ಕೊಟ್ಟರೆ ಫ್ಯಾನ್ ಕ್ಷಣಕ್ಷಣಕ್ಕೂ ಗುಂಯ್‌ಗುಡುವುದು ನಿಲ್ಲುತ್ತದೆ.

ಎಲ್ಲ ಜೋಡಿಸಿದ ಮೇಲೆ ಕೂಲಿಂಗ್ ಸಾಕು ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಒಂದು ಸಾದಾ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಮುಂಭಾಗ, ಗಾಳಿ ಒಳಹೋಗುವ ಜಾಗದ ಹತ್ತಿರ ತೂಗುಹಾಕಿ. ಉಷ್ಣತೆ ತೋರಿಸುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶ ತೆರೆದು, ಪ್ರೊಸೆಸರಿಗೆ ತುಂಬು ಹೊರೆ ಕೊಡುವ ಸಿನೆಬೆಂಚ್ ಅನ್ನು ಅರ್ಧ ಗಂಟೆ ಸತತವಾಗಿ ಓಡಿಸಿ. ಹತ್ತು ನಿಮಿಷ ಸಾಲದು, ಅದರಲ್ಲೂ ಲಿಕ್ವಿಡ್ ಕೂಲರಿನ ದ್ರವ ಬಿಸಿಯಾಗಿ ಸ್ಥಿರಗೊಳ್ಳಲು ಸಮಯ ಹಿಡಿಯುತ್ತದೆ. ಆಮೇಲೆ ನೀವು ನಿಜವಾಗಿ ಆಡುವ ಅತಿ ಭಾರದ ಆಟವನ್ನು ಒಂದು ಗಂಟೆ ಆಡಿ, ಏಕೆಂದರೆ ಗ್ರಾಫಿಕ್ಸ್ ಕಾರ್ಡ್ ಕ್ಯಾಬಿನೆಟ್ಟಿನೊಳಗೆ ಉಗುಳುವ ಬಿಸಿ ಗಾಳಿಯನ್ನೇ ಪ್ರೊಸೆಸರಿನ ಕೂಲರ್ ಕುಡಿಯುತ್ತದೆ. ಎರಡರಲ್ಲೂ ಪ್ರೊಸೆಸರ್, ಕಾರ್ಡ್, ಎನ್‌ವಿಎಂಇ ಎಸ್‌ಎಸ್‌ಡಿ ಮೂರರ ಗರಿಷ್ಠ ಅಂಕಿಗಳನ್ನೂ ಥರ್ಮಾಮೀಟರಿನ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆಯಿರಿ.

ಪರೀಕ್ಷೆ ಮಾಡಿದ್ದು ಡಿಸೆಂಬರಿನಲ್ಲಾದರೆ ಮೇ ತಿಂಗಳ ನಿಮ್ಮ ಕೋಣೆಗೂ ಅಂದಿನ ಕೋಣೆಗೂ ಇರುವ ವ್ಯತ್ಯಾಸವನ್ನು ಪ್ರತಿ ಅಂಕಿಗೂ ಕೂಡಿಸಿ. ಕೂಡಿಸಿದ ಮೇಲೂ ಪ್ರೊಸೆಸರ್ ತನ್ನ ಮಿತಿಗಿಂತ ಹತ್ತು ಡಿಗ್ರಿ ಕೆಳಗಿದ್ದು, ಎಸ್‌ಎಸ್‌ಡಿ 70ರ ಒಳಗಿದ್ದರೆ ಇನ್ನೇನನ್ನೂ ಕೊಳ್ಳಬೇಡಿ. ಆ ಚೀಟಿಯನ್ನು ಕ್ಯಾಬಿನೆಟ್ಟಿನ ಹಿಂಬಾಗಿಲಿನ ಒಳಮೈಗೆ ಅಂಟಿಸಿಡಿ. ಮುಂದಿನ ವರ್ಷ ಅದೇ ಪರೀಕ್ಷೆ ಮಾಡಿದಾಗ ಅಂತರ ಐದಾರು ಡಿಗ್ರಿ ಹಿಗ್ಗಿದ್ದರೆ ಮೊದಲು ಫಿಲ್ಟರ್ ನೋಡಿ, ಆಮೇಲೆ ಪೇಸ್ಟ್.